ಅಗಸಿಯ ಮೇಲಿನ ನೀರು

ನಮ್ಮ ಕೇರಿಯಲ್ಲಿ ಯಾರನ್ನಾದರೂ ಬಲೆ ಎಲ್ಲಿ ಬಿಟ್ಟಿದ್ದೀರಿ ಎಂದು ಕೇಳಿದರೆ ಬರುವ ಉತ್ತರ ಒಂದೇ: ‘ನೀರಾಗ.’ ಮಕ್ಕಳು ಕೇಳಿದರೂ ಇದೇ, ಬೀಗರು ಕೇಳಿದರೂ ಇದೇ. ಹೊಸಪೇಟೆಯ ಡ್ಯಾಮಿನ ಹಿನ್ನೀರಿನಲ್ಲಿ ಮೀನು ಹಿಡಿದು ಬದುಕುವ ನಮ್ಮ ಜನರಲ್ಲಿ ಪ್ರತಿ ಮನೆಗೂ ನೀರಿನ ಮೇಲೆ ಒಂದು ಜಾಗ ಇರುತ್ತದೆ. ಅದಕ್ಕೆ ಬೇಲಿ ಇಲ್ಲ, ಪಟ್ಟಾ ಇಲ್ಲ. ಅದನ್ನು ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹೇಳಿದರೆ ಮೀನು ಅಲ್ಲಿಂದ ಎದ್ದು ಹೋಗುತ್ತದೆ ಎನ್ನುವುದು ಹಿರಿಯರ ಕಾಲದ ಮಾತು. ಬಲೆ ಬಿಡುತ್ತಿರುವ ಇನ್ನೊಬ್ಬರ ತೆಪ್ಪ ಎದುರಾದರೆ ಮುಖ ಆ ಕಡೆ ತಿರುಗಿಸಿ ಹುಟ್ಟು ಹಾಕುತ್ತೇವೆ. ನೋಡಲಿಲ್ಲ ಎಂದು ತೋರಿಸಿಕೊಳ್ಳುವುದೇ ನಾವು ಒಬ್ಬರಿಗೊಬ್ಬರು ಕೊಡುವ ಮರ್ಯಾದೆ.

ನಮ್ಮ ಮನೆಯ ಜಾಗ ಅಗಸಿಯ ಮೇಲಿನ ನೀರು. ಡ್ಯಾಮು ಕಟ್ಟಿದಾಗ ಅಜ್ಜಿಯ ಊರು ಮುಳುಗಿತು. ಮಣ್ಣಿನ ಗೋಡೆಗಳೆಲ್ಲ ಕರಗಿದವು, ಆದರೆ ಊರ ಹೆಬ್ಬಾಗಿಲು, ನಾವು ಅಗಸಿ ಅನ್ನುವುದು, ಕಲ್ಲಿನದಾದ್ದರಿಂದ ನೀರಿನಡಿ ಹಾಗೇ ನಿಂತಿದೆ. ಅದರ ಕಲ್ಲುಸಂದಿಗಳಲ್ಲಿ ಮೀನು ಬಂದು ಕೂಡುತ್ತವೆ. ಅಪ್ಪ ತಂದ ಮೀನಿನ ಹೊಟ್ಟೆ ಸೀಳುವಾಗ ಅಜ್ಜಿ, ಇವು ನಮ್ಮೂರವೇ, ಅಗಸಿ ದಾಟಿ ಬಂದಿವೆ ಎಂದು ಮಕ್ಕಳಾದ ನಮಗೆ ಹೇಳುತ್ತಿದ್ದಳು. ಹೀಗಾಗಿ ಅಲ್ಲಿ ಅಗಸಿ ಇದೆ ಎಂಬುದು ನನಗೆ ಚಿಕ್ಕಂದಿನಿಂದ ಗೊತ್ತು. ಅಷ್ಟು ದೊಡ್ಡ ನೀರಿನಲ್ಲಿ ಅದು ಎಲ್ಲಿದೆ ಎಂಬುದು ಗೊತ್ತಿರಲಿಲ್ಲ. ನಾನು ಹೇಳಹೊರಟಿರುವ ತಪ್ಪೆಲ್ಲ ಹುಟ್ಟಿದ್ದು ಅಲ್ಲಿಂದ.

ನಾನು ಐದನೆಯ ಇಯತ್ತೆಗೆ ಶಾಲೆ ಬಿಟ್ಟೆ. ನೀರಿನ ಕೆಲಸವೂ ಮನಸ್ಸಿಗೆ ಹಿಡಿಸಲಿಲ್ಲ. ಸಂಡೂರಿನ ಕಡೆ ಅದಿರಿನ ಲಾರಿಗಳಿಗೆ ಕ್ಲೀನರ್ ಆಗಿ ಸೇರಿಕೊಂಡೆ, ಆಮೇಲೆ ಡ್ರೈವರ್ ಆದೆ. ದೋಣಿಮಲೈ ರಸ್ತೆಯ ಕೆಂಪು ಧೂಳು ಕಿವಿಯಲ್ಲಿ ತುಂಬಿಕೊಂಡು ಹಬ್ಬಕ್ಕೆ ಮನೆಗೆ ಬರುತ್ತಿದ್ದೆ. ಪ್ರತಿ ಸಲವೂ ಅಪ್ಪ, ಬೆಳಿಗ್ಗೆ ತೆಪ್ಪದಲ್ಲಿ ಬರುತ್ತೀಯೇನು ಎಂದು ಕೇಳುತ್ತಿದ್ದ. ನಾಳೆ ಬರುತ್ತೇನೆ ಎಂದು ಮಗ್ಗುಲಾಗುತ್ತಿದ್ದೆ. ಕೊನೆಕೊನೆಗೆ ಅಪ್ಪ ಕೇಳುವುದನ್ನು ಬಿಟ್ಟ.

ನನ್ನ ತಂಗಿಯನ್ನು ಕಂಪ್ಲಿಗೆ ಕೊಟ್ಟಿದ್ದೆವು. ಗಂಡ ತೀರಿಕೊಂಡ ಮೇಲೆ ಅವಳು ಮಗಳನ್ನು ಕರೆದುಕೊಂಡು ನಮ್ಮ ಕೇರಿಗೆ ಬಂದಳು. ಅಪ್ಪ ಅವಳನ್ನು ಸುಮ್ಮನೆ ಕೂರಲು ಬಿಡಲಿಲ್ಲ. ತೆಪ್ಪದಲ್ಲಿ ಎದುರಿಗೆ ಕೂರಿಸಿಕೊಂಡು ಹೋದ. ಮೊದಮೊದಲು ಅವಳು ನೀರಿನ ಮೇಲೆ ಅಳುತ್ತಿದ್ದಳಂತೆ. ಅಪ್ಪ ಬಲೆಯ ಒಂದು ತುದಿ ಅವಳ ಕೈಗೆ ಕೊಡುತ್ತಿದ್ದನಂತೆ. ಅಳುತ್ತಾ ಬಲೆ ಎಳೆಯಲು ಆಗುವುದಿಲ್ಲ ಅಣ್ಣ, ಎರಡರಲ್ಲಿ ಒಂದನ್ನು ಬಿಡಬೇಕಾಗುತ್ತದೆ ಎಂದು ಅವಳು ಒಮ್ಮೆ ನನಗೆ ಹೇಳಿದ್ದಳು. ಅಗಸಿಯ ನೀರನ್ನು ಅಪ್ಪ ತೋರಿಸಿಕೊಟ್ಟಿದ್ದು ಅವಳೊಬ್ಬಳಿಗೇ.

ಅಪ್ಪ ಹೋದ ಮೇಲೆ ನಾನು ಲಾರಿ ಬಿಟ್ಟು ಬಂದು ಹೊಸಪೇಟೆಯಲ್ಲಿ ಆಟೋ ಓಡಿಸತೊಡಗಿದೆ. ಹಿರಿಮಗ ಎಂದ ಮೇಲೆ ಅಪ್ಪನ ಜಾಗ ಗೊತ್ತಿದ್ದೇ ಇರುತ್ತದೆ ಎಂದು ಕೇರಿಯವರು ತಿಳಿದಿದ್ದರು. ತಂಗಿಯೂ ಹಾಗೇ ತಿಳಿದಿದ್ದಳು. ಗೊತ್ತಿಲ್ಲ ಎಂದು ನಾನು ಯಾರಿಗೂ ಹೇಳಲಿಲ್ಲ.

ಆಗ ಆ ಸಭೆ ಬಂತು. ಹಿನ್ನೀರಿನ ಮೇಲೆ ತೇಲುವ ಸೋಲಾರ್ ಹಲಗೆಗಳನ್ನು ಹಾಸಿ ಕರೆಂಟು ತೆಗೆಯುವ ಯೋಜನೆ. ಅದಕ್ಕೆ ನಿಯಮ ಮಾಡುವ ಮೊದಲು, ಎಷ್ಟೋ ತಲೆಮಾರಿನಿಂದ ಈ ನೀರನ್ನೇ ನಂಬಿದವರ ಮಾತು ಕೇಳಬೇಕೆಂದು ಸರ್ಕಾರದವರು ನಮ್ಮ ಕೇರಿಗೇ ಬಂದರು. ಶಾಲೆಯ ಬಯಲಿನಲ್ಲಿ ಶಾಮಿಯಾನ ಹಾಕಿ, ದೊಡ್ಡ ನಕಾಶೆಯೊಂದನ್ನು ಕಟ್ಟಿದ್ದರು. ನೀಲಿ ನೀರು ನಮಗೆಲ್ಲ ಗುರುತು ಸಿಕ್ಕಿತು. ಇದು ಡ್ಯಾಮು, ಇದು ನಮ್ಮ ದಂಡೆ ಎಂದು ಹೆಂಗಸರು ಬೆರಳು ಮಾಡಿ ನಕ್ಕರು.

ಬಂದವರಲ್ಲಿ ಹಿರಿಯ ಅಧಿಕಾರಿ ಒಬ್ಬ ಹೆಣ್ಣುಮಗಳು. ಬಳ್ಳಾರಿ ಕಡೆಯವರೇ ಇರಬೇಕು, ಮಾತು ನಮ್ಮದೇ. ಕುರ್ಚಿ ಬಿಟ್ಟು ಜಮಖಾನದ ಮೇಲೆ ಕುಳಿತರು. ನೀವು ಬಲೆ ಬಿಡುವ ಜಾಗಗಳನ್ನು ತೋರಿಸಿದರೆ ಅವನ್ನು ಬಿಟ್ಟು ಗೆರೆ ಎಳೆಯುತ್ತೇವೆ ಎಂದು ಬಿಡಿಸಿ ಬಿಡಿಸಿ ಹೇಳಿದರು.

“ಇವತ್ತು ಹೇಳ್ರಿ, ಸಂಕೋಚ ಬ್ಯಾಡ. ಗೆರಿ ಎಳದ ಮ್ಯಾಲ ಬದಲಿ ಮಾಡೋದು ಭಾಳ ಕಷ್ಟ ಆಗ್ತದ. ಬಲಿ ಎಲ್ಲೆಲ್ಲಿ ಬಿಡ್ತೀರಿ?”

ಮುಂದೆ ಕುಳಿತಿದ್ದ ಕೇರಿಯ ಹಿರಿಯಜ್ಜ ಕೆಮ್ಮಿ, “ನೀರಾಗ್ರಿ” ಎಂದ.

ಶಾಮಿಯಾನಕ್ಕೆ ಶಾಮಿಯಾನವೇ ನಕ್ಕಿತು. ಅಧಿಕಾರಿಯೂ ನಕ್ಕರು. ಆಮೇಲೆ ನಗು ನಿಂತಿತು, ಅವರು ಕಾದರು, ಯಾರೂ ಬಾಯಿ ಬಿಡಲಿಲ್ಲ. ನೆರೆಮನೆಯವನ ಎದುರಿಗೆ ಜಾಗ ಹೇಳುವುದೆಂದರೆ ನಮ್ಮಲ್ಲಿ ಬಟ್ಟೆ ಬಿಚ್ಚಿ ನಿಂತಂತೆ. ಅದು ಅವರಿಗೆ ಹೇಗೆ ಗೊತ್ತಾಗಬೇಕು? ನಾವೂ ತಿಳಿಸಿ ಹೇಳಲಿಲ್ಲ.

ಕೊನೆಗೆ ಅವರು ಒಂದೊಂದು ಮನೆಯ ಕಡೆ ತಿರುಗಿ ಕೇಳತೊಡಗಿದರು. ಮನೆಯ ಪರವಾಗಿ ಮಾತಾಡುವವನು ಹಿರಿಮಗ. ನಮ್ಮ ಸರದಿ ಬಂದಾಗ ಹೆಂಗಸರ ನಡುವೆ ಕುಳಿತಿದ್ದ ತಂಗಿ ಮೊಣಕಾಲ ಮೇಲೆ ಎದ್ದು ನನ್ನನ್ನೇ ನೋಡಿದಳು. ಅವಳ ಬಾಯಿ ಅರ್ಧ ತೆರೆದಿತ್ತು. ನಾನು ಹ್ಞೂಂ ಅಂದಿದ್ದರೆ ಅವಳು ಹೇಳಿಬಿಡುತ್ತಿದ್ದಳು ಎಂದು ಈಗಲೂ ನನಗೆ ಅನಿಸುತ್ತದೆ. ಆದರೆ ಆ ಕ್ಷಣ ನನ್ನ ತಲೆಯಲ್ಲಿದ್ದದ್ದು ಆ ನಕಾಶೆ ಮಾತ್ರ. ಜಾಗ ಇದೆ ಎಂದರೆ, ಬಂದು ತೋರಿಸಿ ಅನ್ನುತ್ತಾರೆ. ಇಡೀ ಕೇರಿಯ ಎದುರು ನಾನು ಅಲ್ಲಿ ನಿಂತು ಬೆರಳನ್ನು ಎಲ್ಲಿ ಇಡಲಿ? ಅಪ್ಪನ ಜಾಗ ಗೊತ್ತಿಲ್ಲದ ಹಿರಿಮಗ ಎಂದು ಎಲ್ಲರಿಗೂ ತಿಳಿಯುತ್ತದೆ. ನಾನು ತಂಗಿಯ ಕಡೆ ಕೈ ಅಡ್ಡ ಮಾಡಿ, ಸುಮ್ಮನಿರು ಎಂದು ಸನ್ನೆ ಮಾಡಿದೆ.

“ನಮಗ ಹಂಗ ಇಂಥಾದ್ದ ಅಂತ ಜಾಗ ಇಲ್ರಿ, ಮೇಡಂ” ಎಂದೆ.

ನನ್ನ ನಂತರ ಉಳಿದವರೂ ಅದನ್ನೇ ಹೇಳಿದರು. ಅವರು ಹೇಳಿದ್ದು ಹಿರಿಯರ ಮಾತಿಗಾಗಿ. ನಾನು ಹೇಳಿದ್ದು ನನ್ನ ಮುಖ ಉಳಿಸಿಕೊಳ್ಳಲು.

ಅಂದು ಸಂಜೆ ತಂಗಿ ಮೀನಿನ ಸಾರು ತಂದುಕೊಟ್ಟಳು. ದೊಡ್ಡ ಮೀನಿನ ತಲೆ ನನಗೇ ಇಟ್ಟಿದ್ದಳು. ಮಗಳಿಗೆ, ನಿಮ್ಮ ಮಾವ ಇವತ್ತು ಅಜ್ಜನ ಮಾತು ಉಳಿಸಿದ, ನಾನೇ ಅವಸರಪಟ್ಟು ಬಾಯಿ ಬಿಡಲು ಹೋಗಿದ್ದೆ ಎಂದು ಹೇಳುತ್ತಿದ್ದಳು. ನಾನು ಬಟ್ಟಲಿನಿಂದ ಕಣ್ಣೆತ್ತಲಿಲ್ಲ. ಉಂಡೆ. ರುಚಿಯಾಗಿತ್ತು ಕೂಡ.

ಕೆಲವು ತಿಂಗಳ ಮೇಲೆ ಪಂಚಾಯ್ತಿ ಗೋಡೆಗೆ ಹೊಸ ನಕಾಶೆ ಅಂಟಿಸಿದರು. ಹಲಗೆ ಬರುವ ನೀರಿಗೆ ಹಳದಿ ಬಣ್ಣ ಬಳಿದಿದ್ದರು. ತಂಗಿ ಅದರ ಮುಂದೆ ಬಹಳ ಹೊತ್ತು ನಿಂತಳು. ಮನೆಗೆ ಬಂದು ಬಲೆಯ ಹರಕು ಹೊಲಿಯಲು ಕೂತಳು. ಅಗಸಿ ಹೋಯಿತೇನು ಎಂದು ನಾನು ಕೇಳಲೇ ಇಲ್ಲ, ಕೇಳಿದರೆ ಅದು ಎಲ್ಲಿದೆ ಎಂಬುದೇ ನನಗೆ ಗೊತ್ತಿಲ್ಲ ಎಂದು ಅವಳಿಗೆ ತಿಳಿಯುತ್ತಿತ್ತು. ಅವಳೇ, ನೋಡಿದೆಯಲ್ಲ ಅಣ್ಣ, ಅಗಸಿಗೂ ಹಳದಿ ಬಳಿದಿದ್ದಾರೆ ಎಂದಳು. ಹಾಕಿದ್ದ ಗಂಟನ್ನೇ ಬಿಚ್ಚಿ ಮತ್ತೆ ಹಾಕಿದಳು.

ನನಗೆ ತಡೆದುಕೊಳ್ಳಲು ಆಗಲಿಲ್ಲ. ಅವಳೆದುರು ಕೂತು ಹೇಳಿದೆ.

“ನಂಗ ಅಗಸಿ ಎಲ್ಲೈತಿ ಅಂತ ಗೊತ್ತಿಲ್ಲವ್ವ. ಅವತ್ತೂ ಗೊತ್ತಿದ್ದಿಲ್ಲ.”

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಹೊಲಿಯುವ ಕೈ ನಿಂತಿತು.

“ಅಪ್ಪನ ಮಾತು ಉಳಿಸಿದಿ ಅಂತ ತಿಳ್ಕೊಂಡಿದ್ದೆ ನಾ.”

“ಇಲ್ಲ.”

“ಅದಕ್ಕ ನನ್ನ ಸುಮ್ನ ಕುಂದ್ರಿಸಿದಿ?”

ಹೌದೆಂದು ತಲೆಯಾಡಿಸಿದೆ. ಅವಳು ಬಲೆಯನ್ನು ಬದಿಗೆ ಸರಿಸಿ ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು. ಸ್ವಲ್ಪ ಹೊತ್ತಿಗೆ ಒಳಗಿನಿಂದಲೇ ಹೇಳಿದಳು: “ಒಂದ್ ಮಾತು ಕೇಳಿದ್ರ ತೋರಸ್ತಿದ್ದಿಲ್ಲೇನು? ನಾನೇನು ಪರಕೀಯಳ ಅಣ್ಣ?”

ಮರುದಿನ ನಾವಿಬ್ಬರೂ ಹೊಸಪೇಟೆಯ ಕಚೇರಿಗೆ ಹೋದೆವು. ಆಟೋದಲ್ಲಿ ಅವಳು ಹಿಂದೆ ಕೂತಿದ್ದಳು. ಅಧಿಕಾರಿ ನನ್ನ ಗುರುತು ಹಿಡಿದರು. ನಾನು ನಿಂತೇ ಎಲ್ಲ ಹೇಳಿದೆ, ಸುಳ್ಳು ಹೇಳಿದ್ದನ್ನೂ, ಯಾಕೆ ಹೇಳಿದೆ ಎಂಬುದನ್ನೂ. ಅವರು ಸಿಟ್ಟಾಗಲಿಲ್ಲ. ಕುಂದ್ರಿ ಎಂದು ನೀರು ತರಿಸಿ, ನನ್ನನ್ನು ಬಿಟ್ಟು ತಂಗಿಯ ಕಡೆ ತಿರುಗಿದರು. ಅವಳು ಎದ್ದು ನಕಾಶೆಯ ಮೇಲೆ ಬೆರಳಿಟ್ಟಳು. ನಾನು ಬಾಗಿಲ ಕಡೆ ಮುಖ ತಿರುಗಿಸಿಕೊಂಡೆ. ಅಭ್ಯಾಸ.

ಆ ಭಾಗದ ಕೆಲಸವನ್ನು ಆಗಲೇ ಗುತ್ತಿಗೆಗೆ ಕೊಟ್ಟಾಗಿತ್ತು. ಅಧಿಕಾರಿ ಮೇಲಿನವರಿಗೆ ಬರೆದು ನೋಡುತ್ತೇನೆ ಎಂದರು, ಬರೆದರು ಕೂಡ. ಸಭೆಯಲ್ಲಿ ನೀವೇ ಜಾಗ ಇಲ್ಲ ಎಂದಿರುವುದರಿಂದ ಗೆರೆ ಬದಲಾಗದು ಎಂದು ಉತ್ತರ ಬಂತು. ಅದನ್ನು ಹೇಳಲು ಆಕೆ ಫೋನು ಮಾಡದೆ ಕೇರಿಗೇ ಬಂದಿದ್ದರು. ತಂಗಿ ಅವರಿಗೆ ಚಹಾ ಕೊಟ್ಟಳು. ಎರಡನೆಯ ಭಾಗದ ನೀರಿನ ಗೆರೆ ಇನ್ನೂ ಎಳೆದಿಲ್ಲ ಎಂದು ಅವರು ಹೇಳಿದಾಗ ಅವಳು, ಶಾಮಿಯಾನ ಹಾಕಬೇಡಿ, ಒಬ್ಬೊಬ್ಬರನ್ನು ಬೇರೆ ಬೇರೆಯಾಗಿ ಕೇಳಿ, ಹೆಂಗಸರನ್ನೂ ಕೇಳಿ ಎಂದಳು. ಹಾಗೇ ಮಾಡಿದರು. ಹಿರಿಯಜ್ಜ ತನ್ನ ಜಾಗವನ್ನು ಅಧಿಕಾರಿಯ ಕಿವಿಯಲ್ಲಿ ಹೇಳಿದನಂತೆ. ಅವನ ನೀರು ಉಳಿಯಿತು, ಇನ್ನೂ ಹಲವು ಮನೆಗಳದು ಉಳಿಯಿತು. ಆ ಮನೆಗಳವರು ದಾರಿಯಲ್ಲಿ ಸಿಕ್ಕಾಗ ತಂಗಿಗೆ ಕೈ ಮುಗಿಯುತ್ತಾರೆ. ನಾನು ಪಕ್ಕದಲ್ಲಿದ್ದರೆ ನನಗೂ ಮುಗಿಯುತ್ತಾರೆ. ಅದನ್ನು ತಡೆದುಕೊಳ್ಳುವುದು ಕಷ್ಟ.

ಹಲಗೆಗಳು ಬರುವ ಮೊದಲು ಒಂದು ಬೆಳಿಗ್ಗೆ ತಂಗಿ ನನ್ನನ್ನು ಎಬ್ಬಿಸಿದಳು. ತೆಪ್ಪ ಹತ್ತು ಎಂದಳು. ಹುಟ್ಟು ಅವಳೇ ಹಾಕಿದಳು. ಹಲಗೆ ಬರುವ ಜಾಗದ ಗುರುತಿಗೆ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಬುರುಡೆಗಳನ್ನು ಆಗಲೇ ನೀರಿನ ಮೇಲೆ ಸಾಲಾಗಿ ತೇಲಿಬಿಟ್ಟಿದ್ದರು. ಅವನ್ನು ದಾಟಿ ಹೋಗಿ ಒಂದು ಕಡೆ ತೆಪ್ಪ ನಿಲ್ಲಿಸಿದಳು. ಅಲ್ಲಿನ ನೀರು ಸುತ್ತಲಿನ ನೀರಿನ ಹಾಗೇ ಇತ್ತು. ಸಂಡೂರು ಗುಡ್ಡಸಾಲಿನ ತಗ್ಗು ನಮ್ಮ ದಂಡೆಯ ನೀರಿನ ಟ್ಯಾಂಕಿನ ಮೇಲೆ ಕೂರಬೇಕು, ಆಗ ಎಡಗಡೆ ಡ್ಯಾಮಿನ ತುದಿ ಮರೆಯಾಗಬೇಕು, ಅಲ್ಲೇ ಕೆಳಗೆ ಅಗಸಿ ಎಂದು ತೋರಿಸಿದಳು. ನನಗೆ ತಗ್ಗು ಯಾವುದೆಂದೇ ತಿಳಿಯಲಿಲ್ಲ. ಅಷ್ಟು ವರ್ಷ ಅದೇ ಗುಡ್ಡದಲ್ಲಿ ಲಾರಿ ಓಡಿಸಿದ್ದೆ.

ಅವಳು ತೆಪ್ಪವನ್ನು ಬೇಕಂತಲೇ ಬೇರೆ ಕಡೆ ಒಯ್ದು ಹುಟ್ಟನ್ನು ನನ್ನ ಕೈಗೆ ಕೊಟ್ಟಳು. ಈಗ ನೀನು ಹುಡುಕು ಎಂದಳು. ದುಂಡನೆಯ ಬುಟ್ಟಿಯಂಥ ತೆಪ್ಪ ನನ್ನ ಕೈಯಲ್ಲಿ ಗಿರ್ರನೆ ತಿರುಗಿತು. ಹಂಪಿಯಲ್ಲಿ ಟೂರಿಸ್ಟರನ್ನು ಹೀಗೇ ತಿರುಗಿಸಿ ನಗಿಸುತ್ತಾರೆ, ನೀನು ಅಲ್ಲಿಗೆ ಹೋಗು ಎಂದು ಅವಳು ನಕ್ಕಳು. ನಾನು ನಿಜ ಹೇಳಿದ ದಿನದಿಂದ ಅವಳು ನನ್ನ ಎದುರು ನಕ್ಕಿರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಟ್ಯಾಂಕಿನ ಮೇಲೆ ಗುಡ್ಡದ ತಗ್ಗು ಬಂದು ಕೂತಿತು, ಡ್ಯಾಮಿನ ತುದಿ ಮರೆಯಾಯಿತು. ಅವಳು ಕಲ್ಲು ಕಟ್ಟಿದ ಹಗ್ಗ ಇಳಿಬಿಟ್ಟಳು. ಅದು ಕೆಳಗೆ ಯಾವುದಕ್ಕೋ ತಾಗಿ ನಿಂತಿತು.

ಹಗ್ಗವನ್ನು ನನ್ನ ಕೈಗೆ ಕೊಟ್ಟಳು. ಮೆಲ್ಲಗೆ ಎತ್ತಿ ಇಳಿಸಿದೆ. ಕಲ್ಲಿಗೆ ಕಲ್ಲು ತಾಗಿದ್ದು ಅಂಗೈಗೆ ತಿಳಿಯಿತು. ಅಜ್ಜಿ ಕೊಡ ಹೊತ್ತು ಒಳಗೆ ಬರುತ್ತಿದ್ದ ಬಾಗಿಲು. ನನ್ನ ಕಣ್ಣು ತುಂಬಿ ಬಂದದ್ದನ್ನು ಅವಳು ನೋಡಿದಳು, ನೋಡಿ ಆ ಕಡೆ ತಿರುಗಿದಳು.

ನನ್ನನ್ನು ಕ್ಷಮಿಸಿದೆ ಎಂದು ಅವಳು ಹೇಳಿಲ್ಲ, ನಾನೂ ಕೇಳಿಲ್ಲ. ಈಗ ಅಲ್ಲಿ ಹಲಗೆಗಳು ಬಿಸಿಲಿಗೆ ಮಿನುಗುತ್ತವೆ. ಅವಳು ಬೇರೆ ನೀರು ಹುಡುಕುತ್ತಿದ್ದಾಳೆ. ಆಟೋ ಮಧ್ಯಾಹ್ನದ ಮೇಲೆ ತೆಗೆಯುತ್ತೇನೆ, ಬೆಳಿಗ್ಗೆ ಅವಳ ಎದುರಿಗೆ ಕೂರುತ್ತೇನೆ. ಮೀನು ಕಡಿಮೆ. ನಿನ್ನೆ ಬಲೆ ಖಾಲಿ ಬಂತು. ಅವಳು ಅದನ್ನು ಮಡಚುತ್ತ, “ನಾಳಿ ಇನ್ನೊಂದು ಸ್ವಲ್ಪ ಆ ಕಡಿ ನೋಡೂನು. ಜಲ್ದಿ ಏಳು, ನಾ ಬಂದು ಕೂಗಂಗಿಲ್ಲ” ಎಂದಳು. ಇಂದು ಅವಳು ಬರುವ ಮೊದಲೇ ಎದ್ದು ದಂಡೆಯಲ್ಲಿ ತೆಪ್ಪ ಒರೆಸಿಟ್ಟು ನಿಂತಿದ್ದೆ.