ಒಡತಿ ಅಂಗಳದಲ್ಲಿ, ಭರಣಿ ಒಳಗೆ

ಹನ್ನೊಂದಕ್ಕೆ ಬರುತ್ತೇನೆಂದ ವ್ಯಾಪಾರಿ ಹನ್ನೊಂದಕ್ಕೇ ಬಂದ. ನಮ್ಮ ಇಂಡಿ ಊರಿನಲ್ಲಿ ಇದೇ ಒಂದು ಸುದ್ದಿ! (ನಾನು ಹತ್ತೂವರೆಗೇ ಹೋಗಿ ಕೂತಿದ್ದೆ. ಶಾಲೆಯ ಗಂಟೆಗೆ ಬದುಕಿದವರ ಚಟ ಹೋಗುವುದಿಲ್ಲ.) ಒಳಗೆ ಬಾರದೆ ಅಂಗಳದಲ್ಲೇ ನಿಂತವಳು ಮಾತ್ರ ಉಪ್ಪಿನಕಾಯಿ ಘಟಕದ ಒಡತಿ.

ಮಹಾದೇವಿ ನನ್ನ ಹಳೆಯ ವಿದ್ಯಾರ್ಥಿನಿ. ಎಂಟು ಹೆಂಗಸರನ್ನು ಇಟ್ಟುಕೊಂಡು ನಿಂಬೆ ಉಪ್ಪಿನಕಾಯಿ ಮಾಡುತ್ತಾಳೆ. ಸೊಲ್ಲಾಪುರದ ಈ ವ್ಯಾಪಾರಿ ಒಪ್ಪಿದರೆ ಪ್ರತಿ ತಿಂಗಳೂ ಆರ್ಡರ್. ಅದಕ್ಕಾಗಿ ಅವಳು ವರ್ಷವಿಡೀ ಓಡಾಡಿದ್ದಳು.

"ಒಳಗ ನೀವ ತೋರಸ್ರಿ ಅಕ್ಕೋರ," ಅಂದಳು.

"ಯಾಕ? ನಿನ್ನ ಕಾಲಿಗೇನಾಗೇತಿ?"

"ನಾ ಹೊರಗದೀನ್ರಿ." ತಗ್ಗಿದ ದನಿ.

ಮುಟ್ಟಿನ ದಿನ. ಆಗ ಕೈ ಹಾಕಿದರೆ ಉಪ್ಪಿನಕಾಯಿ ಕೆಡುತ್ತದಂತೆ. ಅದೇ ಕಾರಣಕ್ಕೆ ಇನ್ನಿಬ್ಬರು ಅವತ್ತು ಕೆಲಸಕ್ಕೇ ಬಂದಿರಲಿಲ್ಲ.

ಸರಿ, ನಾನೇ ತೋರಿಸಿದೆ. ವ್ಯಾಪಾರಿ ಉಪ್ಪಿನ ಅಳತೆ ಕೇಳಿದ. ನನಗೇನು ಗೊತ್ತು? ಕಿಟಕಿಯಿಂದ ಕೂಗಿದೆ. ಅಂಗಳದಿಂದ ಉತ್ತರ ಬಂತು. ಎಷ್ಟು ದಿನ ಬಿಸಿಲಿಗೆ ಇಡುತ್ತೀರಿ ಅಂದ. ಮತ್ತೆ ಕಿಟಕಿ.

"ಮಾಲ್ ಛಲೋ ಐತ್ರಿ," ಅಂದ, ಬೆರಳು ನೆಕ್ಕುತ್ತ. "ಆದ್ರ ಮಾಲಕರು ಅಂಗಳದಾಗ, ಕೆಲಸದವ್ರು ಮನ್ಯಾಗ. ಹೇಳಿದ ದಿನಕ್ಕ ಡಬ್ಬಿ ಬರ್ತಾವಂತ ಹೆಂಗ ನಂಬೂದ್ರಿ?"

ಅಂಗಳಕ್ಕೆ ಬಂದು ಚಹಾ ಕುಡಿದು ಹೋದ. ಆರ್ಡರ್ ಕೊಡಲಿಲ್ಲ.

ಸಣ್ಣ ಉದ್ಯಮ ಯಾಕೆ ಬೆಳೆಯುವುದಿಲ್ಲ ಎಂದು ಎಷ್ಟು ಸಭೆಗಳಲ್ಲಿ ಕೂತು ಬಂದಿದ್ದೇನೋ! ಕರೆಂಟಿಲ್ಲ, ರಸ್ತೆಯಿಲ್ಲ, ಬ್ಯಾಂಕಿನವರು ಮುಖ ಕೊಟ್ಟು ಮಾತಾಡುವುದಿಲ್ಲ. ಇದೇ ಅಂಕಣದಲ್ಲಿ ನಾನೂ ಅದನ್ನೇ ಬರೆದು ಬರೆದು ದಣಿದಿದ್ದೇನೆ. ಮಹಾದೇವಿಗೆ ಕರೆಂಟೂ ಇತ್ತು, ರಸ್ತೆಯೂ ಇತ್ತು, ಸಾಲವೂ ಸಿಕ್ಕಿತ್ತು.

ನನಗೆ ಸಿಟ್ಟು ಬಂತು. "ಎಂಟನೇ ಕ್ಲಾಸಿನ್ಯಾಗ ನಾನ ಕಲಿಸೇನಲ್ಲ? ಉಪ್ಪಿನಕಾಯಿ ಕೆಡೂದು ಹಸಿ ಚಮಚಾದಿಂದ, ನಿನ್ನ ಕೈಯಿಂದ ಅಲ್ಲ!"

"ಗೊತ್ತೈತ್ರಿ. ಆದ್ರ ನಾ ಮುಟ್ಟಿದ ದಿನಾನ ಒಂದ ಭರಣಿ ಕೆಟ್ಟಿತಂದ್ರ, ಇಡೀ ಓಣಿ ನನ್ನ ಉಪ್ಪಿನಕಾಯಿ ಬಿಡತೈತಿ." ನನ್ನ ಮುಖ ನೋಡಿ ಕೇಳಿದಳು, "ನಿಮ್ಮ ಮನ್ಯಾಗ ನೀವ ಮುಟ್ಟತಿದ್ರೇನ್ರಿ?"

ಇಲ್ಲ. ಹಗಲೆಲ್ಲ ವಿಜ್ಞಾನ ಕಲಿಸಿ, ಮನೆಗೆ ಬಂದು, ಆ ದಿನಗಳಲ್ಲಿ ಅತ್ತೆಯವರ ಕೈಯಿಂದ ಉಪ್ಪಿನಕಾಯಿ ಹಾಕಿಸಿಕೊಂಡು ಉಂಡವಳು ನಾನು. ಮಹಾದೇವಿಗೂ ಅದು ಗೊತ್ತಿತ್ತು. ಉತ್ತರಕ್ಕೆ ಕಾಯದೆ ಖಾಲಿ ಚಹಾ ಲೋಟ ಎತ್ತಿಕೊಂಡು ಹೋದಳು.

ಆ ಆರ್ಡರ್ ತಪ್ಪಿಸಿದವರು ಯಾರೆಂದು ಇನ್ನು ಯಾವ ಇಲಾಖೆಗೆ ಅರ್ಜಿ ಬರೆಯಲಿ?