ಉಂಡ ಮೀನಿನ ಕಣ್ಣು

ಮೀನುಗಳ ಮೇಲೆ ನನಗೆ ಸಿಟ್ಟು ಬಂದಿತ್ತೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಶಿರಗುಪ್ಪಿಯ ನಮ್ಮ ಕಬ್ಬಿನ ಹೊಲದಲ್ಲಿ ಅಣ್ಣನಿಗೂ ನನಗೂ ಸೇರಿದ ಒಂದು ಬಾವಿಯಿದೆ. ಜೈನರ ಬಾವಿ, ಮೀನು ಹಿಡಿಯುವವರಿಲ್ಲ. ನಾನೋ ದಿನಕ್ಕೆ ಎರಡು ಸಲ ಹಿಟ್ಟಿನ ಗುಳಿಗೆ ಹಾಕುವ ಪುಣ್ಯಾತ್ಮ. ಆದರೂ ಗುಳಿಗೆ ಬಿದ್ದೊಡನೆ ಕಲ್ಲು ಬಿತ್ತೆನ್ನುವಂತೆ ಓಡುತ್ತಿದ್ದವು. ಸಾಲದೇನೋ ಎಂದು ಮೂರು ಸಲ ಹಾಕತೊಡಗಿದೆ. ಇನ್ನೂ ಜೋರಾಗಿ ಓಡಿದವು.

ಚಿಕ್ಕೋಡಿಯಲ್ಲಿ ಪ್ರಾಣಿಶಾಸ್ತ್ರ ಓದುವ ಮಗಳು ನಕ್ಕಳು. "ಅಪ್ಪಾ, ನೀವು ಹೊಟ್ಟಿ ತುಂಬಿಸಿ ತುಂಬಿಸಿ ಅವನ್ನ ಅಂಜಿಸಾಕತ್ತೀರಿ. ಹಸದಿದ್ದ ಮೀನಿಗೆ ಸಣ್ಣ ಚುಕ್ಕಿ ಕಂಡ್ರ ಅದು ತಿನಿಸು. ಉಂಡ ಮೀನಿಗೆ ಅದ ಚುಕ್ಕಿ ವೈರಿ. ಮಿದುಳಿನಾಗ ಸಿರೊಟೋನಿನ್ ಅಂತ ಒಂದು ರಸಾಯನ ಐತ್ರಿ, ಅದು ಬದಲಾದಂಗ ನೋಟಾನೂ ಬದಲಾಗತೈತಿ. ಮರಿಮೀನಿನ ಮ್ಯಾಲ ನೋಡ್ಯಾರ, ನಮ್ಮ ಬಾವ್ಯಾಗಿನವು ಹೆಂಗೋ ಗೊತ್ತಿಲ್ಲ."

ಅಂದಿನಿಂದ ನನ್ನ ತಲೆ ಕೆಟ್ಟಿತು. ಕಣ್ಣು ಇದ್ದದ್ದನ್ನು ಕಾಣುತ್ತದೆಂದು ನಂಬಿದ್ದೆ. ನಡುವೆ ಹೊಟ್ಟೆಯೂ ಮಿದುಳಿನ ರಸವೂ ಕೂತು ಪಂಚಾಯಿತಿ ಮಾಡುವುದಾದರೆ, ಇಷ್ಟು ವರ್ಷ ನೋಡಿದವನು ನಾನೇ ಹೌದೋ ಅಲ್ಲವೋ? ಅದೇ ಬಾವಿಯ ಮೋಟಾರಿನ ಪಾಳಿಗಾಗಿ ಜಗಳವಾಡಿ ನಾಲ್ಕು ವರ್ಷದಿಂದ ಅಣ್ಣನೊಡನೆ ಮಾತು ಬಿಟ್ಟಿದ್ದೆ. ದೂರದ ಬದುವಿನ ಮೇಲೆ ಅವನ ಬಿಳಿ ಟೋಪಿ ಕಂಡರೆ ಸಾಕು, ಕಬ್ಬಿನೊಳಗೆ ನುಗ್ಗುತ್ತಿದ್ದೆ. ಆ ಜಗಳವಾದದ್ದೂ ಭರ್ಜರಿ ಊಟ ಮುಗಿಸಿದ ಮೇಲೆ. ತಪ್ಪು ಅವನದೋ, ನನ್ನದೋ, ಊಟದ್ದೋ, ನೀವೇ ಹೇಳಿ.

ದಶಲಕ್ಷಣ ಪರ್ವದ ಕೊನೆಗೆ ನಮ್ಮಲ್ಲಿ ಎಲ್ಲರ ಕ್ಷಮೆ ಕೇಳುವ ದಿನ ಬರುತ್ತದೆ. ನಾಲ್ಕು ವರ್ಷವೂ ಊರವರ, ಎತ್ತುಗಳ, ಇರುವೆಗಳ ಕ್ಷಮೆ ಕೇಳಿದ್ದೆ, ಅಣ್ಣನ ಓಣಿಯೊಂದನ್ನು ಬಿಟ್ಟು. ಉಪವಾಸ ಮುರಿಯುವ ಪಾರಣೆ ಮುಗಿಸಿ, ಹೊಟ್ಟೆ ತುಂಬಿಸಿಕೊಂಡೇ ಹೊರಡುವುದು ನನ್ನ ರೂಢಿ. ಈ ಸಲ ಹೆಂಡತಿ ತಟ್ಟೆ ಇಡುವ ಮೊದಲೇ ಎದ್ದು ಓಡಿದೆ. ಕರಗಿದ ಮನಸ್ಸು ನನ್ನದೋ ಹಸಿವಿನದೋ ತಿಳಿಯಲಿಲ್ಲ. ಅದು ಗಟ್ಟಿಯಾಗುವುದರೊಳಗೆ ಅವನ ಮನೆ ಮುಟ್ಟಬೇಕಿತ್ತು.

ಅಣ್ಣ ಬಾಗಿಲಲ್ಲೇ ಇದ್ದ.

"ತಪ್ಪಾಗೇತಿ ಅಣ್ಣಾ, ಕ್ಷಮಾ ಮಾಡು," ಎಂದೆ. 

"ನಂದೂ ಐತಿ ತಪ್ಪು," ಎಂದ. "ಪಾರಣಿ ಆತೇನು?"

"ಇಲ್ಲ."

"ಮತ್ತ ಬಾ, ಕುಂದ್ರು."

ಊಟಕ್ಕೆ ಕೂರಲು ನಿಜವಾಗಿ ಹೆದರಿದೆ. ಹೊಟ್ಟೆ ತುಂಬಿದ ಮೇಲೆ ಇವನು ಮತ್ತೆ ವೈರಿಯಾಗಿ ಕಂಡರೆ ಏನು ಗತಿ? ತಲೆ ತಗ್ಗಿಸಿ ಗಂಟಲವರೆಗೆ ಉಂಡು, ಮೆಲ್ಲಗೆ ಕಣ್ಣೆತ್ತಿದೆ. ಅಣ್ಣ ನನ್ನನ್ನು ಕೇಳದೆಯೇ ಇನ್ನೊಂದು ಹೋಳಿಗೆ ಬಡಿಸುತ್ತಿದ್ದ.