ಬಿಸಿಲು ಹಿಡಿದು ಕ್ಷೌರ

ಮಾರಿಕುಪ್ಪಂ ಸ್ಟೇಷನ್ನಿನ ಎದುರು ನಮಗೆಲ್ಲ ಕ್ಷೌರ ಮಾಡುತ್ತಿದ್ದವರೊಬ್ಬರಿದ್ದರು. ಕರೆಂಟು ಉಳಿಸಲೆಂದು ಕುರ್ಚಿಯನ್ನು ಬೆಳಿಗ್ಗೆ ಬಾಗಿಲಲ್ಲಿ, ಮಧ್ಯಾಹ್ನ ಕಿಟಕಿಯ ಬಳಿ ಇಡುತ್ತಿದ್ದರು. ಬಿಸಿಲು ಸರಿದರೆ ಗಿರಾಕಿಯೂ ಅರ್ಧ ಗಡ್ಡದಲ್ಲೇ ಎದ್ದು ಸರಿಯಬೇಕು. ಪಕ್ಕದ ಟೀ ಅಂಗಡಿಗೆ ಹೋದರೆ ಅಲ್ಲಿನ ಫ್ಯಾನನ್ನೂ ಆರಿಸಿಯೇ ಕೂರುವರು. "ಸುಮ್ನೆ ಯಾಕಣ್ಣ ಕರ್ಚು?"

ಒಂದು ದಿನ ಮದುವೆ ಗಂಡೊಬ್ಬ ಬಂದು ಕುರ್ಚಿಯಲ್ಲಿ ಕೂತ. ಅವನ ಮುಹೂರ್ತ ಬಂಗಾರಪೇಟೆಯ ಛತ್ರದಲ್ಲಿ, ರೈಲು ಹಿಡಿದು ಹೋಗಬೇಕಿತ್ತು. ಅದೇ ರೈಲಿಗೆ ಹೊರಟಿದ್ದ ನಾನು ನನ್ನ ಸರದಿಗೆ ಕಾಯುತ್ತಿದ್ದೆ. ಬಲಗೆನ್ನೆ ಮುಗಿಯುವಷ್ಟರಲ್ಲಿ ಮೋಡ ಕವಿಯಿತು.

"ಲೈಟ್ ಆಕಣ್ಣ!" ಎಂದ ಗಂಡು.

"ಮೋಡ ಓಗ್ತದೆ, ತಡಿಯಪ್ಪ. ಸುಮ್ನೆ ಯಾಕೆ ಕರ್ಚು?"

ಮೋಡ ಹೋಗಲಿಲ್ಲ, ರೈಲು ಕೂಗಿತು. ಗಂಡು ಎಡಗೆನ್ನೆಯ ನೊರೆಯೊಂದಿಗೆ ಓಡಿದ. ಇವರು ಕತ್ತಿ ಹಿಡಿದು ಹಿಂದೆಯೇ ಓಡಿದರು.

"ಅಯ್ಯೋ, ಮದ್ಲಿಂಗನ್ನ ಕೊಲ್ತಾವ್ನೆ, ಇಡ್ಕೊಳ್ರಲೇ!" ಎಂದು ಹೂ ಮಾರುವ ಅಜ್ಜಿ ಬೊಬ್ಬೆ ಹಾಕಿದಳು.

ಮೂವರೂ ರೈಲು ಹತ್ತಿದೆವು. ರೈಲು ಓಡುವಾಗ ಇವರು ಕತ್ತಿ ಎತ್ತಿ ಹಿಡಿಯುವರು, ನಿಂತಾಗ ಕೆರೆಯುವರು. ಕೋರಮಂಡಲ್ ಸ್ಟೇಷನ್ನಿನಲ್ಲಿ ಗದ್ದ ಮುಟ್ಟಿ, ಬಂಗಾರಪೇಟೆಯಲ್ಲಿ ಕೆಲಸ ಮುಗಿಸಿದರು. ಗಂಡು ಎರಡೂ ಕೆನ್ನೆ ಸವರಿಕೊಂಡು ಛತ್ರಕ್ಕೆ ಓಡಿದ.

ಇಳಿಯುವಾಗ ಇವರ ಕೈ ತಾನಾಗಿ ಗೋಡೆಯ ಸ್ವಿಚ್ಚಿಗೆ ಹೋಗಿ, ಕಿಕ್ಕಿರಿದ ಬೋಗಿಯ ಫ್ಯಾನು ಆರಿಸಿತು.

"ಯೋವ್, ನಾವಿನ್ನೂ ಬೆಂಗಳೂರ್‌ಗಂಟ ಓಗ್ಬೇಕು ಕಣಯ್ಯ!" ಎಂದು ಬೋಗಿಯೇ ಅರಚಿತು.

ಇವರು ಪ್ಲಾಟ್‌ಫಾರಂನಲ್ಲಿ ಕತ್ತಿ ಒರೆಸಿಕೊಳ್ಳುತ್ತ ಸಮಾಧಾನ ಹೇಳಿದರು:

"ರೈಲು ಓಡಿದ್ರೆ ಗಾಳಿ ಬತ್ತದೆ, ತಡೀರಣ್ಣ. ಸುಮ್ನೆ ಯಾಕೆ ಕರ್ಚು?"